ಸೋಮವಾರ ಬರಬೇಡಿ, ಭಾನುವಾರ ಬನ್ನಿ

ಹಮಾಸೆ ನಗರಸಭೆಯ ಕ್ರೀಡಾಂಗಣ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಫುಟ್‌ಬಾಲ್ ಕ್ಲಬ್ಬಿನ ತವರು ಮೈದಾನದಲ್ಲಿ ಉತ್ತರದ ಗೋಲಿನ ಹಿಂದಿರುವ ಹುಲ್ಲುದಿಬ್ಬವನ್ನು ನೆಲಸಮ ಮಾಡಿ ಕುರ್ಚಿ ಹಾಕಿಸಲು ತಾವು ಕೊಟ್ಟ ಕಾರಣವನ್ನು ಸೂಚನಾ ಫಲಕದಲ್ಲಿ ಮೂರು ಸಲ ಓದಿದೆ. "ಸ್ಥಳ ಪರಿಶೀಲನೆಯಲ್ಲಿ ಪ್ರೇಕ್ಷಕರು ಬಳಸುತ್ತಿರುವ ಯಾವ ಕುರುಹೂ ಕಂಡುಬಂದಿಲ್ಲ." ಪರಿಶೀಲನೆ ನಡೆದದ್ದು ಸೋಮವಾರ ಬೆಳಿಗ್ಗೆ. ಭಾನುವಾರ ಮಧ್ಯಾಹ್ನ ಅಲ್ಲಿ ಒಂಬೈನೂರು ಜನ ಕೂತಿದ್ದೆವು, ಸ್ವಾಮಿ. ಉಂಡು, ಪಾತ್ರೆ ತೊಳೆದಿಟ್ಟ ಮನೆಗೆ ಬಂದು, ಇಲ್ಲಿ ಯಾರೂ ಉಣ್ಣುವುದಿಲ್ಲವೆಂದು ಬರೆದುಕೊಂಡು ಹೋದರೆ ಹೇಗೆ?

ಈ ದಿಬ್ಬ ಹುಟ್ಟಿದ್ದು ಯಾವ ನಕ್ಷೆಯಲ್ಲೂ ಅಲ್ಲ. ಅರವತ್ತು ವರ್ಷಗಳ ಹಿಂದೆ ಇದು ನೂಲಿನ ಗಿರಣಿಯ ಮೈದಾನ, ತಂಡವೂ ಗಿರಣಿಯದೇ. ನೀರಿಗೆಂದು ಕೆರೆ ತೋಡಿದ ಗಿರಣಿಯವರು ಮಣ್ಣನ್ನು ತಂದು ಗೋಲಿನ ಹಿಂದೆ ಸುರಿದರು. ನೂಲುವ ಹೆಂಗಸರು ಪಾಳಿ ಮುಗಿಸಿ ಬಂದು ಅದನ್ನು ತುಳಿದು, ಇಳಿಜಾರು ಮಾಡಿ, ಹೊಳೆದಂಡೆಯ ಹುಲ್ಲು ನೆಟ್ಟರು. ಹತ್ತೊಂಬತ್ತರ ಶಿಜುಯೊ ಅವರಲ್ಲೊಬ್ಬಳು. ಮುಂದೆ ನನ್ನ ಹೆಂಡತಿ. ಆಮೇಲೆ ಗಿರಣಿ ಮುಚ್ಚಿತು, ಮೈದಾನ ತಮ್ಮ ಪಾಲಿಗೆ ಬಂತು, ದೀಪಸ್ತಂಭಗಳು ಬಂದವು, ಪಶ್ಚಿಮಕ್ಕೆ ಚಾವಣಿ ಬಂತು, ತಂಡ ಊರಿನ ಕ್ಲಬ್ಬಾಗಿ ವೃತ್ತಿಪರ ಲೀಗಿಗೆ ಏರಿತು. ಇನ್ನೂ ಮೇಲೇರಲು ನಂಬರು ಹಚ್ಚಿದ ಕುರ್ಚಿಗಳು ಬೇಕಂತೆ. ಹಾಕಿಸಿ, ಬೇಡವೆಂದವರಾರು? ಪೂರ್ವಕ್ಕೆ ತಮ್ಮ ಅಧಿಕಾರಿಗಳ ಕಾರು ನಿಲ್ಲುವ ವಿಶಾಲ ಜಾಗವಿದೆಯಲ್ಲ! ಅಲ್ಲಿ ಎಣ್ಣೆ ಕಲೆಯ ರೂಪದಲ್ಲಿ ಬಳಕೆಯ ಕುರುಹುಗಳು ಧಾರಾಳವಾಗಿವೆ ಎಂಬುದನ್ನು ಒಪ್ಪುತ್ತೇನೆ.

ಪಂದ್ಯ ಮುಗಿದ ಮೇಲೆ ಕೂತ ಜಾಗವನ್ನು ಚೊಕ್ಕಟ ಮಾಡದೆ ನಾವು ಎದ್ದವರಲ್ಲ. ಶಿಜುಯೊ ಈ ವಿಷಯದಲ್ಲಿ ರೆಫರಿಗಿಂತ ಬಿಗಿ.

"ಏನ್ರೀ, ಆ ಕಿತ್ತಳೆ ಸಿಪ್ಪೆ ಕಾಣಿಸ್ತಿಲ್ವಾ?"

"ನಮ್ದಲ್ಲ ಕಣೇ, ಎದುರು ತಂಡದವ್ರದು."

"ಸಿಪ್ಪೆಗೆ ಯಾವ ತಂಡ ರೀ? ಎತ್ತಿ ಸುಮ್ನೆ. ನಾಳೆ ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ!"

ಎತ್ತುತ್ತಿದ್ದೆ. ಅವಳು ಕೂತೆದ್ದ ಕಡೆ ಮಲಗಿದ ಹುಲ್ಲನ್ನು ಅಂಗೈಯಿಂದ ಸವರಿ ಎಬ್ಬಿಸುತ್ತಿದ್ದಳು. ಕೊನೆಗೂ ಒಬ್ಬರು ನೋಡಿದರು. ಏನಂದುಕೊಂಡರು ಎಂಬುದು ಫಲಕದ ಮೇಲಿದೆ.

ಈ ಬೇಸಿಗೆಯಲ್ಲಿ ಶಿಜುಯೊ ಹೋದಳು. ಮನೆಯಲ್ಲಿ ಅವಳ ಬಟ್ಟೆ, ಕನ್ನಡಕ ಉಳಿದಿವೆ. ಅವಳು ಕೈಯಾರೆ ಮಾಡಿ ಊರಿಗೆ ಬಿಟ್ಟುಹೋದದ್ದು ಮಾತ್ರ ಆ ದಿಬ್ಬವೊಂದೇ.

ತಮಗೆ ಕುರುಹು ಬೇಕಲ್ಲವೇ? ಕಳೆದ ಭಾನುವಾರ ಈ ವಯಸ್ಸಿನಲ್ಲಿ ಅಪರಾಧಕ್ಕಿಳಿದೆ. ಕಿತ್ತಳೆ ಸುಲಿದು, ಸಿಪ್ಪೆಯನ್ನು ಅವಳು ಕೂರುತ್ತಿದ್ದ ಜಾಗದಲ್ಲೇ ಬಿಟ್ಟು ಎದ್ದೆ. ಹಿಂದೆ ಕೂತಿದ್ದ ಮೀನಂಗಡಿಯ ಒಕುನೊ ನೋಡಿಬಿಟ್ಟ.

"ಏನ್ ಮೇಷ್ಟ್ರೇ, ಅಕ್ಕ ಇಲ್ಲ ಅಂತ ಧೈರ್ಯ ಬಂತಾ?"

"ಸುಮ್ನಿರಯ್ಯ. ನಗರಸಭೆಗೆ ಸಾಕ್ಷಿ ಬಿಡ್ತಿದೀನಿ."

"ಹಂಗಾದ್ರೆ ನಾನೂ ಒಂದ್ ಮೀನಿನ್ ತಲೆ ಬಿಡ್ಲಾ?"

ಇಬ್ಬರೂ ನಕ್ಕೆವು. ಗೇಟಿನವರೆಗೆ ಹೋದೆ, ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಹಿಂತಿರುಗಿ ಬಂದರೆ, ಒಕುನೊ ಮಂಡಿಯೂರಿ ಅದೇ ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ತಪ್ಪಾಯ್ತು ಮೇಷ್ಟ್ರೇ, ನನ್ ಕೈಲಾಗ್ಲಿಲ್ಲ," ಎಂದ.

ನಾನು ಅವಳ ಜಾಗದ ಹುಲ್ಲನ್ನು ಸವರಿ ಎಬ್ಬಿಸಿದೆ.

ಆದ್ದರಿಂದ ಮಾನ್ಯರೇ, ಸೋಮವಾರ ಎಷ್ಟು ಸಲ ಬಂದರೂ ತಮಗೆ ಅಲ್ಲಿ ಏನೂ ಸಿಗುವುದಿಲ್ಲ. ಕುರ್ಚಿಗಳನ್ನು ಪೂರ್ವಕ್ಕೆ ಹಾಕಿಸಿ, ದಿಬ್ಬವನ್ನು ಉಳಿಸಿ ಎಂಬುದು ನಮ್ಮ ಬೇಡಿಕೆ. ಅದನ್ನು ತಳ್ಳಿಹಾಕುವುದೇ ಆದರೆ, ಆದೇಶಕ್ಕೆ ಸಹಿ ಹಾಕುವ ಮುನ್ನ ಈ ಭಾನುವಾರ, ವರ್ಷದ ಕೊನೆಯ ಪಂದ್ಯಕ್ಕೆ ಬಂದು ಒಮ್ಮೆ ಕೂತು ನೋಡಿ. ನನ್ನ ಪಕ್ಕದಲ್ಲಿ ಜಾಗ ಖಾಲಿಯಿದೆ. ಕಿತ್ತಳೆ ನಾನು ತರುತ್ತೇನೆ. ಏಳುವಾಗ ಹುಲ್ಲನ್ನು ಎಬ್ಬಿಸಿ ಹೋಗಬೇಕು, ಅಷ್ಟೇ.

ಇಂತಿ,
ಕುರುಹು ಬಿಡಲು ಕಲಿಯದ ನಿವೃತ್ತ ಮೇಷ್ಟ್ರು
ಮುರೊಯಿ ತೆತ್ಸುಜಿ
ಉತ್ತರದ ದಿಬ್ಬ, ಸಾಲಿಲ್ಲ, ನಂಬರಿಲ್ಲ