ಎರ್ರಮ್ಮಕ್ಕನನ್ನು ಕಡಲಿಗೆ ಕರೆದೊಯ್ದದ್ದು

ಹೊಸಪೇಟೆ
19 ಮಾರ್ಚ್ 2006, ಭಾನುವಾರ

ಪ್ರೀತಿಯ ಪಂಪಾ,

ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತಿವೆ, ನಾನು ಒಂದಕ್ಕೂ ಉತ್ತರ ಬರೆದಿಲ್ಲ. ಬೈಯಬೇಕೆನಿಸಿದರೆ ಬೈಯಿ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ. ಬೀದರಿನಲ್ಲಿ ಬಿಸಿಲು ಶುರುವಾಯಿತೇ? ನಿನ್ನ ಮೊಣಕಾಲು ಹೇಗಿದೆ? ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ದಿನವಿಡೀ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರವರ ದೂರು ಕೇಳುವವಳಿಗೆ ಮನೆಗೆ ಬಂದು ಮತ್ತೆ ಅದನ್ನು ಮುಟ್ಟುವ ಮನಸ್ಸಾಗುವುದಿಲ್ಲ. ಅಲ್ಲದೆ ಫೋನಿನಲ್ಲಿ ನಡುವೆ ಯಾರು ಕೇಳಿಸಿಕೊಳ್ಳುತ್ತಾರೆ ಅಂತ ನನಗೂ ನಿನಗೂ ಯಾರೂ ಹೇಳಿಕೊಡಬೇಕಾಗಿಲ್ಲ. ನಾವೇ ಕೇಳಿಸಿಕೊಂಡವರು.

ಮೊದಲು ಒಳ್ಳೆಯ ಸುದ್ದಿ. ಹೋಗಿ ಬಂದೆವು, ಪಂಪಾ. ಹೋದವರೆಲ್ಲರೂ ಬಂದೆವು. ಇದನ್ನು ಬರೆಯುವಾಗಲೂ ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗಾಗುತ್ತಿದೆ.

ಎರ್ರಮ್ಮಕ್ಕ ಫೆಬ್ರವರಿ ಕೊನೆಗೆ ರಿಟೈರ್ ಆದರು. ನನ್ನನ್ನೂ ನಿನ್ನನ್ನೂ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂರಿಸಿ, ತಪ್ಪು ಲೈನಿಗೆ ಪಿನ್ನು ಚುಚ್ಚಿದರೆ ಕೈಗೆ ಪಟ್ಟನೆ ಹೊಡೆದು ಕೆಲಸ ಕಲಿಸಿದವರು ಇನ್ನು ಆಫೀಸಿಗೆ ಬರುವುದಿಲ್ಲ ಅಂದರೆ ನಂಬಿಕೆಯೇ ಆಗಲಿಲ್ಲ. ಚಹಾ ಕೂಟದಲ್ಲಿ ವಿರುಪಮ್ಮ, "ಇನ್ನ ಏನ್ ಮಾಡ್ತೀರಿ ಅಕ್ಕಾರ?" ಅಂತ ಕೇಳಿದಳು. ಮೊಮ್ಮಕ್ಕಳು, ಪೂಜೆ ಅಂತ ಹೇಳುತ್ತಾರೆ ಅಂದುಕೊಂಡಿದ್ದೆವು.

"ಒಂದ ಸಲ ಸಮುದ್ರ ನೋಡಬೇಕವ್ವ," ಅಂದರು. "ಇಷ್ಟ್ ವರ್ಷ 'ಹಲೋ ಕಾರವಾರ, ಹಲೋ ಕಾರವಾರ' ಅಂತ ಒದರೀನಿ. ಈ ಅದಿರಿನ ಮಂದೀಗೆಲ್ಲ ಲೈನ್ ಕೂಡಿಸಿ ಕೊಟ್ಟೀನಿ. ಆ ಕಾರವಾರ ಹೆಂಗೈತಿ ಅಂತ ಕಂಡಿಲ್ಲ."

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಅಲ್ಲಿದ್ದ ನಾವ್ಯಾರೂ ಸಮುದ್ರ ಕಂಡಿರಲಿಲ್ಲ.

ಆಗ ತ್ರಿವೇಣಿ ಬಾಯಿ ಹಾಕಿದಳು. ಅವಳು ನೀನು ವರ್ಗವಾಗಿ ಹೋದ ಮೇಲೆ ಬಂದ ಹುಡುಗಿ, ಸಂಡೂರಿನವಳು. ಅವಳ ಗಂಡ ಈಶ್ವರನ ಲಾರಿಗಳು ಯಶವಂತನಗರದಿಂದ ಕಾರವಾರದ ಬಂದರಿಗೆ ಅದಿರು ಹೊಡೆಯುತ್ತವೆ. "ದಂಡಿ ಮ್ಯಾಲ ನಿಂತು ಯಾಕ್ ನೋಡ್ಬೇಕ್ರಿ? ಒಳಗ ಹೋಗೂಣು," ಅಂದಳು. ಈಶ್ವರನಿಗೆ ಅಲ್ಲಿ ದಾಮೋದರ ಹರಿಕಂತ್ರ ಅನ್ನುವವರ ಪರಿಚಯ. ಹಡಗಿನ ನೌಕರಿ ಬಿಟ್ಟು ಬಂದು, ಒಂದು ಕ್ಯಾಟಮರಾನ್ ಇಟ್ಟುಕೊಂಡು, ಪ್ರವಾಸಿಗರನ್ನು ಕರಾವಳಿಯುದ್ದಕ್ಕೂ ಕರೆದುಕೊಂಡು ಹೋಗುತ್ತಾರೆ. ಊಟ, ಮಲಗುವುದು ಎಲ್ಲ ಅದರಲ್ಲೇ. ಕ್ಯಾಟಮರಾನ್ ಅಂದರೇನೆಂದು ನನಗೂ ಗೊತ್ತಿರಲಿಲ್ಲ. ಎರಡು ಉದ್ದನೆಯ ದೋಣಿಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಜಗುಲಿ ಕಟ್ಟಿ, ಅದರ ಮೇಲೆ ಹಾಯಿ ಏರಿಸಿದ ಹಾಗೆ. ಹಂಪಿಯ ಹರಿಗೋಲಿನಂತೆ ಗಿರಗಿರ ತಿರುಗುವುದಿಲ್ಲ, ಸುಲಭಕ್ಕೆ ಮಗುಚುವುದೂ ಇಲ್ಲ.

ಎಲ್ಲರೂ ಹೂಂ ಅಂದರು, ಏರ್ಪಾಡು ಮಾತ್ರ ನನ್ನ ತಲೆಗೆ ಬಂತು. "ಭೀಮವ್ವ ಮಾಡಿದ್ರ ಪಕ್ಕಾ ಇರ್ತದ," ಅಂತ ಎರ್ರಮ್ಮಕ್ಕ ಹೇಳಿದ ಮೇಲೆ ಇನ್ನೇನಿದೆ? ಅಷ್ಟೂ ಜನರಿಗೆ ಒಟ್ಟಿಗೆ ರಜೆ ಕೊಡುವುದಿಲ್ಲ ಅಂತ ಸಾಹೇಬರು ಹಟ ಹಿಡಿದರು. ಬಳ್ಳಾರಿಯಿಂದ ಇಬ್ಬರನ್ನು ಬದಲಿಗೆ ಕರೆಸಿದೆ. ಕಾರವಾರದಲ್ಲಿ ನೌಕಾಪಡೆಯವರು ಇರುವುದರಿಂದ ಎಲ್ಲರ ಗುರುತಿನ ಚೀಟಿಯ ನಕಲು ಮೊದಲೇ ಕಳಿಸಬೇಕಿತ್ತು. ವಿರುಪಮ್ಮನ ಚೀಟಿಯಲ್ಲಿ ಗಂಡನ ಫೋಟೋ ಅಂಟಿತ್ತು, ಅದನ್ನು ಸರಿ ಮಾಡಿಸಲು ನಾನು ತಾಲೂಕು ಕಚೇರಿ ಸುತ್ತಿದೆ. ಆಮೇಲೆ ಆ ಗಂಡನನ್ನೇ ಒಪ್ಪಿಸಬೇಕಾಯಿತು. ಹುಲುಗಪ್ಪನವರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು:

"ಹೆಣಮಕ್ಕಳಷ್ಟ ಸಮುದ್ರಕ್ಕ ಹೊಂಟೀರಿ. ಏನರ ಹೆಚ್ಚುಕಮ್ಮಿ ಆದ್ರ ಯಾರ್ ಜವಾಬ್ದಾರಿ?"

"ನಾನ್ರೀ," ಅಂದೆ.

ಅಂದುಬಿಟ್ಟೆ. ಆ ದಿನದಿಂದ ರಾತ್ರಿ ಎದ್ದು ಕೂತು ಎಲ್ಲರ ಹೆಸರು ಎಣಿಸತೊಡಗಿದೆ. ನಿನ್ನನ್ನೂ ಕರೆದಿದ್ದೆನಲ್ಲ, ನೀನು ಬರುವುದಿಲ್ಲ ಅಂತ ಒಂದೇ ಸಾಲು ಬರೆದಾಗ ಅದು ಇನ್ನಷ್ಟು ಹೆಚ್ಚಾಯಿತು. ನೀನಿದ್ದಿದ್ದರೆ ಭಾರ ಅರ್ಧ ಇಳಿಯುತ್ತಿತ್ತು.

ಈಶ್ವರ ಒಂದು ಟ್ರ್ಯಾಕ್ಸ್ ಜೀಪು ಮಾಡಿಸಿಕೊಟ್ಟ. ಅರಬೈಲು ಘಟ್ಟದಲ್ಲಿ ನಮ್ಮ ಮುಂದೂ ಹಿಂದೂ ಅದಿರಿನ ಲಾರಿಗಳೇ. ನಮ್ಮ ಊರಿನ ಕೆಂಪು ಧೂಳು ಘಟ್ಟದ ಗಿಡಗಳ ಮೇಲೂ ಕೂತಿತ್ತು. ಕಾರವಾರ ಬಂದು, ತಿರುವಿನಲ್ಲಿ ಒಮ್ಮೆಲೇ ನೀರು ಕಂಡಾಗ ಎರ್ರಮ್ಮಕ್ಕ ಸೆರಗು ಸರಿಮಾಡಿಕೊಂಡರು, ಯಾರೋ ಹಿರಿಯರ ಮುಂದೆ ಬಂದ ಹಾಗೆ.

ಹರಿಕಂತ್ರರು ಸಮಾಧಾನದ ಮನುಷ್ಯ, ಜೊತೆಗೆ ಅವರ ತಮ್ಮ. ಹತ್ತಿದ ಕೂಡಲೇ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿದರು. ಸೀರೆಯ ಮೇಲೆ ಅದನ್ನು ಕಟ್ಟಿಕೊಂಡ ವಿರುಪಮ್ಮನನ್ನು ನೀನು ನೋಡಬೇಕಿತ್ತು! "ಗ್ಯಾಸ್ ಸಿಲಿಂಡರ್ ಕಂಡಂಗ ಕಾಣಾಕತ್ತೀಯಲ್ಲೇ," ಅಂತ ನಾನಂದರೆ, "ನೀ ಏನ್ ಕಮ್ಮಿ ಅದೀ?" ಅಂದಳು. ಬಂದರು ದಾಟುವವರೆಗೆ ಎಂಜಿನ್ನು ಗುಡುಗುಟ್ಟುತ್ತಿತ್ತು. ಆಮೇಲೆ ಹಾಯಿ ಏರಿಸಿ ಎಂಜಿನ್ನು ನಿಲ್ಲಿಸಿದರು. ಪಂಪಾ, ಅಂಥ ನಿಶ್ಶಬ್ದವನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ದೋಣಿಗಳ ಕೆಳಗೆ ನೀರು ಸರಿಯುವ ಸದ್ದು, ಬಟ್ಟೆಗೆ ಗಾಳಿ ಬಡಿಯುವ ಸದ್ದು, ಅಷ್ಟೇ. ನಾವೆಲ್ಲ ಎರಡು ದೋಣಿಗಳ ನಡುವೆ ಮುಂದುಗಡೆ ಬಿಗಿದಿದ್ದ ಬಲೆಯ ಮೇಲೆ ಕಾಲು ಚಾಚಿ ಕೂತೆವು. ನಮಗೆ ಯಾರೂ 'ಹಲೋ' ಅನ್ನುತ್ತಿರಲಿಲ್ಲ.

ಸಂಜೆಗೆ ಗೋಕರ್ಣದ ಬಳಿ ಲಂಗರು ಹಾಕಿದರು. ಮರುದಿನ ಬೆಳಿಗ್ಗೆ ಸಣ್ಣ ರಬ್ಬರ್ ದೋಣಿಯಲ್ಲಿ ದಂಡೆಗೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಿದೆವು. ಎರ್ರಮ್ಮಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದರು. ವಾಪಸ್ಸು ಬರುವಾಗ ಜಾಕೆಟ್ ಹಾಕಿಕೊಳ್ಳಲು ಒಲ್ಲೆ ಅಂದರು. "ಇಷ್ಟ್ ದೂರಕ್ಕ ಏನಾಗ್ತದ? ಸೀರಿ ಮುದ್ದಿ ಆಗ್ತದ." ಹಾಕಿಕೊಳ್ಳಲೇಬೇಕು ಅಂತ ಹರಿಕಂತ್ರರ ತಮ್ಮ ಅಂದ, ನಾನೂ ಅಂದೆ. ನನ್ನ ಸೂಪರ್‌ವೈಸರ್ ಅಲ್ಲವೇ, ಜೋರು ಮಾಡಲು ಬಾಯಿ ಬರಲಿಲ್ಲ.

ಅಲೆ ಮುರಿಯುವ ಜಾಗದಲ್ಲಿ ಒಂದು ಅಲೆ ಪಕ್ಕದಿಂದ ಬಂತು. ದೋಣಿ ಒಂದು ಬದಿಗೆ ಎದ್ದಿತು, ಮರುಕ್ಷಣ ನಾವೆಲ್ಲ ನೀರಿನಲ್ಲಿದ್ದೆವು. ಜಾಕೆಟ್ ಇದ್ದವರು ಬೆಂಡಿನ ಹಾಗೆ ಮೇಲೆ ಬಂದರು. ತ್ರಿವೇಣಿ ಕಂಡಳು, ವಿರುಪಮ್ಮ ಕಿರುಚುತ್ತಾ ಕಂಡಳು. ಎರ್ರಮ್ಮಕ್ಕ ಕಾಣಲಿಲ್ಲ.

ನಾನು ಏನೂ ಯೋಚಿಸಲಿಲ್ಲ. ಜಾಕೆಟ್ಟಿನ ಪಟ್ಟಿ ಬಿಚ್ಚಿ ಒಳಗೆ ಹೋದೆ. ಕಂಪ್ಲಿಯ ಹೊಳೆಯಲ್ಲಿ ನಿನ್ನ ಅಣ್ಣ ನಮ್ಮಿಬ್ಬರನ್ನು ಬಂಡೆಯಿಂದ ತಳ್ಳಿ ಈಜು ಕಲಿಸಿದ್ದನಲ್ಲ, ಆ ಕಾಲುಗಳು ತಾವಾಗಿಯೇ ಆಡಿದವು. ಉಪ್ಪು ನೀರು, ಮರಳು, ಕಣ್ಣು ಬಿಟ್ಟರೆ ಬರೀ ಮಬ್ಬು. ಕೈಗೆ ಬಟ್ಟೆ ಸಿಕ್ಕಿತು. ಎಳೆದರೆ ಸೀರೆ ಮಾತ್ರ ಬಿಚ್ಚಿಕೊಂಡು ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಆಮೇಲೆ ತುರುಬು ಸಿಕ್ಕಿತು. ಅದನ್ನೇ ಹಿಡಿದು ಎಳೆದೆ. ಮೇಲೆ ಬಂದಾಗ ಹರಿಕಂತ್ರರ ತಮ್ಮ ಇನ್ನೊಂದು ತೋಳು ಹಿಡಿದ. ದಂಡೆಯ ಮೇಲೆ ಮಗ್ಗುಲಾಗಿಸಿ ಬೆನ್ನು ಗುದ್ದಿದ ಮೇಲೆ ಬಾಯಿಂದ ನೀರು ಹೋಯಿತು. ಕೆಮ್ಮಿದರು. ಆ ಕೆಮ್ಮು ಕೇಳಿ ನಾನು ಮರಳಲ್ಲಿ ಕೂತು ಗೊಳೋ ಅಂತ ಅತ್ತೆ.

"ಯಾಕ್ ಅಳ್ತೀಯ? ನಾ ಅದೀನಲ್ಲ," ಅಂದರು ಅವರು. ಸೀರೆಯಿಲ್ಲದೆ, ಬರೀ ಲಂಗ ಕುಪ್ಪಸದಲ್ಲಿ, ತ್ರಿವೇಣಿಯ ದುಪಟ್ಟಾ ಸುತ್ತಿಕೊಂಡು.

ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ ಭಯವಿಲ್ಲ ಅಂದರು. ನಾನು ಅಲ್ಲಿಂದಲೇ ಒಂದು ಬಾಡಿಗೆ ಕಾರು ಮಾಡಿ ಎಲ್ಲರನ್ನೂ ಊರಿಗೆ ವಾಪಸ್ಸು ಕರೆದುಕೊಂಡು ಹೋಗುವುದೇ ಅಂತ ತೀರ್ಮಾನಿಸಿದ್ದೆ. ಎರ್ರಮ್ಮಕ್ಕ ಒಪ್ಪಲಿಲ್ಲ. "ಹಿಂಗ ಹೆದರಿ ಮನೀಗೆ ಹೋದ್ರ ಸಾಯೋತನಕ ಸಮುದ್ರ ಅಂದ್ರ ಇದ ನೆಪ್ಪಿರ್ತದ. ನಡ್ರಿ, ಮುಂದ ಹೋಗೂಣು." ಈ ಸಲ ಜಾಕೆಟ್ಟನ್ನು ತಾವೇ ಮೊದಲು ಕಟ್ಟಿಕೊಂಡರು.

ಆ ಮಧ್ಯಾಹ್ನ ಅವರಿಗೆ ಏನೂ ಸೇರಲಿಲ್ಲ. ದೋಣಿಯ ಅಡುಗೆಮನೆಯಲ್ಲಿ ಹರಿಕಂತ್ರರು ಮೀನು ಕರಿದಿದ್ದರು, ಆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ತಂದಿದ್ದ ರೊಟ್ಟಿ ನುಂಗಲು ಗಂಟಲು ನೋಯುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ನಾನು ಒಂದು ಪಾತ್ರೆ ತಿಕ್ಕಿ ತೊಳೆದು, ಅಕ್ಕಿ ನುಚ್ಚು ಮಾಡಿ, ಜೀರಿಗೆ ಹಾಕಿ ಗಂಜಿ ಕಾಸಿದೆ. ಕಾಸಿದ ಮೇಲೆ ಬಟ್ಟಲು ಹಿಡಿದು ಸುಮ್ಮನೆ ನಿಂತೆ. ಯಾಕೆ ನಿಂತೆ ಅಂತ ನಿನಗೆ ಗೊತ್ತು. ಆಫೀಸಿನ ಊಟದ ಕೋಣೆಯಲ್ಲಿ ಅವರು ತಮ್ಮ ಡಬ್ಬಿಯಿಂದ ನನಗೂ ನಿನಗೂ ಹೋಳಿಗೆ ಹಾಕಿದ್ದಾರೆ, ಶೇಂಗಾ ಚಟ್ನಿ ಹಾಕಿದ್ದಾರೆ. ಕೇರಿಯಿಂದ ಬಂದ ನಮ್ಮ ಡಬ್ಬಿಗೆ ಎಂದೂ ಕೈ ಹಾಕಿದವರಲ್ಲ. ನಮ್ಮ ಹೂಜಿಯ ನೀರು ಕುಡಿದವರಲ್ಲ. ಒರಟಾಗಿ ಒಂದು ಮಾತು ಆಡಿದವರೂ ಅಲ್ಲ.

ಅವರು ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. "ಕೈ ನಡಗಾಕತ್ತಾವ ನಂದು. ನೀನ ಉಣಸು," ಅಂದರು.

ಚಮಚದಿಂದ ಉಣಿಸಿದೆ. ಬಟ್ಟಲು ಖಾಲಿಯಾಗುವವರೆಗೆ ಉಂಡರು. ಇನ್ನೊಂದು ಬಟ್ಟಲು ಕೇಳಿದರು. "ನಮ್ಮವ್ವ ಹಿಂಗ ಕಾಸತಿದ್ಲು," ಅಂತ ಹೇಳಿ, ನನ್ನ ತೊಡೆಯ ಮೇಲೆ ತಲೆ ಇಟ್ಟು ಹಾಗೇ ನಿದ್ದೆ ಹೋದರು. ಹಾಯಿಯ ನೆರಳು ಅವರ ಮುಖದ ಮೇಲೆ ಬಂದು ಹೋಗಿ ಮಾಡುತ್ತಿತ್ತು. ನಾನು ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇರೆ ಏನೂ ಬೇಕೆನಿಸಲಿಲ್ಲ, ಪಂಪಾ.

ಮೂರನೆಯ ದಿನ ಕಡಲು ತಟ್ಟೆಯ ಹಾಗೆ ಇತ್ತು. ಎರ್ರಮ್ಮಕ್ಕ ಚುಕ್ಕಾಣಿ ಹಿಡಿದರು! "ಹಲೋ ಹೊನ್ನಾವರ!" ಅಂತ ಕೂಗಿದರು. ಹರಿಕಂತ್ರರು, "ಲೈನು ಸಿಕ್ತಾ ಅಕ್ಕೋರೆ?" ಅಂತ ಕೇಳಿದ್ದಕ್ಕೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶರಾವತಿ ಬಂದು ಸೇರುವಲ್ಲಿ ಒಳಗೆ ಹೋಗಿ ಹೊನ್ನಾವರದಲ್ಲಿ ಇಳಿದೆವು. ಟ್ರ್ಯಾಕ್ಸ್ ಕಾಯುತ್ತಿತ್ತು.

ಊರಿಗೆ ಬಂದು ಒಬ್ಬೊಬ್ಬರನ್ನೇ ಅವರವರ ಮನೆ ಮುಂದೆ ಇಳಿಸಿದೆ. ಹುಲುಗಪ್ಪನವರು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ಕರ್ರಗಾಗೀದಿ," ಅಂದರು, ಅಷ್ಟೇ. ಎರ್ರಮ್ಮಕ್ಕನ ಮನೆಯಲ್ಲಿ ಅವರು ಮೆಟ್ಟಿಲ ಮೇಲೇ ನಿಂತು ಮಗನಿಗೆ ಹೇಳಿದರು: "ಸಿದ್ದಲಿಂಗೇಶ, ನಿಮ್ಮವ್ವ ಇವತ್ತ್ ಇಲ್ಲಿ ನಿಂತಾಳ ಅಂದ್ರ ಈ ಭೀಮವ್ವನಿಂದ." ಆ ಹುಡುಗ ಬೀದಿಯಲ್ಲೇ ನನಗೆ ಕೈ ಮುಗಿದ. ಅವನ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಮನೆಗೆ ಬಂದು, ಸ್ನಾನ ಮಾಡಿ ಮಲಗಿದವಳಿಗೆ ಬೆಳಗಾಗುವವರೆಗೆ ಎಚ್ಚರವೇ ಆಗಲಿಲ್ಲ. ಜವಾಬ್ದಾರಿ ನಂದು ಅಂದಿದ್ದೆ, ಎಲ್ಲರನ್ನೂ ತಂದು ಮುಟ್ಟಿಸಿದೆ. ಈಗ ಕಿಟಕಿಯ ಹೊರಗೆ ಲಾರಿಗಳ ಗದ್ದಲ ಅದೇ, ಧೂಳು ಅದೇ, ಆದರೂ ಉಸಿರು ಸಲೀಸಾಗಿ ಆಡುತ್ತಿದೆ.

ನಿನ್ನ ಮಗಳ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂತಲ್ಲ. ಹೆದರದೆ ಬರೆಯಲು ಹೇಳು. ಅವಳ ತಲೆಯ ಮೇಲೆ ನನ್ನ ಎರಡೂ ಕೈ ಇಟ್ಟಿದ್ದೇನೆ ಅನ್ನು. ನೂರು ವರ್ಷ ಚೆನ್ನಾಗಿರಲಿ, ನಿನ್ನ ಹಾಗೆ ಗಟ್ಟಿಯಾಗಿರಲಿ. ಯುಗಾದಿಗೆ ನೀವೆಲ್ಲ ಕಂಪ್ಲಿಗೆ ಬರುವುದಾದರೆ ಎರಡು ದಿನ ಮೊದಲೇ ಹೊಸಪೇಟೆಯಲ್ಲಿ ಇಳಿಯಿರಿ. ಮನೆಯವರಿಗೆ ನನ್ನ ನಮಸ್ಕಾರ.

ನಿನ್ನ
ಭೀಮಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ವಾಪಸ್ಸು ಬರುವಾಗ ಗದಗಿನಲ್ಲಿ ಚಹಾಕ್ಕೆ ನಿಂತೆವು. ಎರ್ರಮ್ಮಕ್ಕ ನನ್ನನ್ನು ಒಂದು ಪಕ್ಕಕ್ಕೆ ಕರೆದು ಎರಡೂ ಕೈ ಹಿಡಿದುಕೊಂಡರು. "ಭೀಮವ್ವ, ನೀ ನನ್ನ ನೀರಾಗಿಂದ ಎಳದೀ ಅಂತ ಊರಿಗೆಲ್ಲ ಹೇಳ್ತೀನಿ. ಆದ್ರ ಗಂಜಿ ಕಾಸಿ ಉಣಿಸಿದ್ದು ಮಾತ್ರ ನಮ್ಮ ಮನ್ಯಾಗ ಗೊತ್ತಾಗೋದು ಬ್ಯಾಡವ್ವ. ಸೊಸಿ ಒಂಥರಾ ಅದಾಳ, ಬೀಗರು ಬರೋರದಾರ. ನೀ ತಿಳದಾಕಿ," ಅಂದರು. ಪ್ರೀತಿಯಿಂದಲೇ ಅಂದರು, ಕಣ್ಣಲ್ಲಿ ನೀರು ತಂದುಕೊಂಡು ಅಂದರು. ನೀನು ಯಾಕೆ ಬರಲಿಲ್ಲ ಅಂತ ಈಗ ನಾನು ಕೇಳುವುದಿಲ್ಲ. ಅವರು ಹೇಳಿದ್ದು ನನಗೆ ಅಷ್ಟು ನೋಯಲಿಲ್ಲ, ಪಂಪಾ. ಅವರ ಮಾತು ಮುಗಿಯುವ ಮೊದಲೇ ನಾನು "ಆತು ಬಿಡ್ರೀ ಅಕ್ಕಾರ, ಅದರಾಗೇನೈತಿ" ಅಂದುಬಿಟ್ಟೆ. ಅಷ್ಟು ಬೇಗ ಅಂದೆನಲ್ಲ, ಅದೇ ನೋಯುತ್ತಿದೆ.