ಒಳ್ಳೆಯ ಸಾವಿಗೆ ಒಂದು ಹರಳು ಉಪ್ಪು

ಕರಿದ್ಯಾ, ಎಪಿರಸ್ ಬೆಟ್ಟ, ಗ್ರೀಸ್
೧೨ ಫೆಬ್ರವರಿ ೧೯೭೮

ನನ್ನ ಚಿನ್ನ ಅಸಿಮೀನಾ,

ಹೇಗಿದ್ದೀಯೆ ಮಗಳೇ? ಆ ಬೆಲ್ಜಿಯಂ ಚಳಿಗೆ ಹತ್ತಿಕೊಂಡಿದ್ದ ಕೆಮ್ಮು ಬಿಟ್ಟಿತೇ? ನಿನ್ನ ಗಂಡ, ಆ ಉದ್ದನೆಯ ಮಹಾರಾಯನಿಗೂ ನನ್ನ ನೆನಪು ಹೇಳು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಕುಣಿಯುವವನು ಇವತ್ತಿಗೂ ಇನ್ನೊಬ್ಬನಿಲ್ಲ. ಇದ್ದೊಬ್ಬ ಹೋದ ವರ್ಷ ತೀರಿಕೊಂಡ.

ನಿನ್ನ ಅಜ್ಜಿಯದು ಹಾಗಲ್ಲ. ಜೀವ ಗಂಟಲಲ್ಲಿ ಬಂದು ಕೂತಿದೆ, ಹೊರಡಲೊಲ್ಲದು. ಪೇಟೆಯ ಡಾಕ್ಟರು ಬಂದು ನೋವಿಗೆ ಔಷಧಿ ಕೊಟ್ಟ, "ನನ್ನ ಕೈಲಾದದ್ದು ಇಷ್ಟೇ" ಅಂದ. ನೀನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ದಯಾಮರಣ ಸರಿಯೋ ತಪ್ಪೋ ಅಂತ ಡಾಕ್ಟರುಗಳು ಕಚ್ಚಾಡುತ್ತಾರೆ, ಅದಕ್ಕವರು ಬಳಸುವ 'ಯೂಥನೇಸಿಯಾ' ಪದ ಮಾತ್ರ ನಮ್ಮ ಗ್ರೀಕರದು ಅಂತ ಬರೆದಿದ್ದೀಯಲ್ಲ, ಓದಿ ಎದೆ ಉಬ್ಬಿತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು (ನನಗೆ ಕಲಿಸಲು ಮೇಷ್ಟ್ರ ಹತ್ತಿರ ಇನ್ನೇನೂ ಉಳಿದಿರಲಿಲ್ಲ), ಆದರೂ ಇಷ್ಟು ಗೊತ್ತು: 'ಎಫ್' ಅಂದರೆ ಒಳ್ಳೆಯ, 'ಥಾನಟೋಸ್' ಅಂದರೆ ಸಾವು. ಎಫ್ಥನಾಸಿಯಾ, ಒಳ್ಳೆಯ ಸಾವು, ಅಷ್ಟೇ. ನಮ್ಮ ಹಳಬರು ಆ ಮಾತಾಡಿದಾಗ ಅದರಲ್ಲಿ ಡಾಕ್ಟರೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಸೂಜಿಯನ್ನು ಪರದೇಶದ ಪಂಡಿತರು ಎಷ್ಟೋ ಕಾಲದ ಮೇಲೆ ಅದಕ್ಕೆ ಚುಚ್ಚಿದರು. ಪ್ರತಿ ಭಾನುವಾರ ಪಾದ್ರಿ ಲಾಂಬ್ರೋಸ್ ನಮಗೆಲ್ಲ ದೇವರಲ್ಲಿ ಬೇಡುವುದೂ ಅದನ್ನೇ ತಾನೇ: ನೋವಿಲ್ಲದ, ನಾಚಿಕೆಯಿಲ್ಲದ, ಶಾಂತವಾದ ಕೊನೆ.

ಜೀವ ಹೀಗೆ ಸಿಕ್ಕಿಕೊಂಡರೆ ನಮ್ಮಲ್ಲಿ ಏನು ಮಾಡುತ್ತಾರೆ ಅಂತ ನೀನು ಮರೆತಿರಲಾರೆ. ಶಾಪ ಹಾಕಿದವರು ಸುಲಭವಾಗಿ ಹೋಗಲಾರರು. ಶಾಪ ಹಾಕಿಸಿಕೊಂಡವರು ಬಂದು ನೀರಿಗೆ ಉಪ್ಪು ಹಾಕಿ, "ಇದು ಕರಗಿದ ಹಾಗೆ ನಿನ್ನ ಮಾತು ಕರಗಲಿ" ಎಂದು ಸಾಯುವವರ ತುಟಿ ಒದ್ದೆ ಮಾಡಬೇಕು. ನಮ್ಮಮ್ಮನ ನಾಲಿಗೆ ನಿನಗೆ ಗೊತ್ತಲ್ಲ, ಬಾಗಿಲಲ್ಲಿ ಸಾಲೇ ನಿಂತಿತು! ಪಕ್ಕದ ಮನೆಯ ಗ್ಲಿಕೇರಿಯಾ, "ಮೊದಲು ನನ್ನ ಮೇಕೆ ಕದ್ದದ್ದು ಒಪ್ಪಿಕೋ, ಆಮೇಲೆ ಕ್ಷಮಿಸ್ತೀನಿ ಕಣೇ" ಅಂದಳು. ಅಮ್ಮ ಕಣ್ಣು ಮುಚ್ಚಿಕೊಂಡೇ, "ಒಪ್ಪಿದೆ. ಮಾಂಸ ಬಲಿತಿತ್ತು" ಅಂದಳು. ಇಬ್ಬರೂ ಅತ್ತರು. ಊರೆಲ್ಲ ಬಂದು ಹೋಯಿತು. ಆದರೂ ಅವಳು ಬಾಗಿಲ ಕಡೆಗೇ ನೋಡುತ್ತಾಳೆ.

ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ಕನ್ಯೆ ಮರಿಯಮ್ಮ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟುಕೊಳ್ಳಲಿ.

ನಿನ್ನ ಚಿಕ್ಕಪ್ಪ,
ಥೀಮಿಯೋಸ್

ಮರೆತೆ: ಅವಳನ್ನು ಕ್ಷಮಿಸಲು ಉಳಿದವಳು ನೀನೊಬ್ಬಳೇ. ನೀನು ಆ ಉದ್ದನೆಯವನ ಕೈಹಿಡಿದು ಹೊರಟ ದಿನ ಅಮ್ಮ ಹೊಸ್ತಿಲಲ್ಲಿ ನಿಂತು "ನಿನ್ನ ಮಡಿಲು ತುಂಬದಿರಲಿ" ಅಂದುಬಿಟ್ಟಳಲ್ಲ. ಅದು ಸಣ್ಣ ಮಾತಲ್ಲ, ನನಗೆ ಗೊತ್ತು. ನಿನ್ನೆ ನಾನೇ, "ಅಸಿಮೀನಾ ಕ್ಷಮಿಸಿದ್ದಾಳಂತೆ ಅಮ್ಮಾ" ಎಂದು ಒಂದು ಸುಳ್ಳು ಬಿಟ್ಟು ನೋಡಿದೆ. ಒಂದೇ ಕಣ್ಣು ತೆರೆದು, "ಆ ಮುಖ ಇಟ್ಕೊಂಡು ಸುಳ್ಳು ಹೇಳ್ಬೇಡ ಕಣೋ" ಅಂದಳು. ಕಾಗದ ಕೈಸೇರಿದ ದಿನವೇ ಸ್ತಾಥಿಸನ ಕಾಫಿ ಅಂಗಡಿಗೆ ಫೋನು ಮಾಡು, ನಾನು ಅಲ್ಲೇ ಕೂತಿರುತ್ತೇನೆ. ಕ್ಷಮಿಸಲು ಆಗದಿದ್ದರೆ ಬೈದುಬಿಡು ಮಗಳೇ, ಒಂದಕ್ಷರ ಬಿಡದೆ ತಲುಪಿಸುತ್ತೇನೆ. ಅವಳು ಕಾಯುತ್ತಿರುವುದು ನಿನ್ನ ಬಾಯಿಂದ ಬರುವ ಮಾತಿಗೆ, ಅದು ಏನಾದರೂ ಸರಿ.