ನಾನು ಕತ್ತರಿಸಿದ ‘ಅಂತ’

ಪ್ರೀತಿಯ ಮಾವಶಿ,

ನೀವು ನನ್ನ ಅವ್ವನ ಒಡಹುಟ್ಟಿದವರಲ್ಲ. ಆದರೂ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮಕ್ಕಳಿಗೆಲ್ಲ ನೀವು ಮಾವಶಿಯೇ. ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಲಿ ಹೇಳಿ?

ನಾನು ಏಳನೆಯ ತರಗತಿ ಪಾಸಾದ ಬೇಸಿಗೆ ನೆನಪಾಗುತ್ತದೆ. ಅವ್ವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನೀವು ಹೊಸ್ತಿಲ ಮೇಲೆ ಕೂತು, ಬೀಡಿ ಕಾರ್ಮಿಕಳೆಂದು ಸರ್ಕಾರ ಅವಳಿಗೆ ಕೊಟ್ಟಿದ್ದ ಬೀಡಿ ಕಾರ್ಡಿನ ನಂಬರು ನೋಡಿಕೊಂಡು ನನ್ನ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಿರಿ. “ತಾರಾ, ಇವನ್ನ ಕೆಲಸಕ್ಕ ಹಚ್ಚಬ್ಯಾಡ ಬೇ. ಪಕ್ಯಾ ಸಾಲಿ ಕಲೀಲಿ” ಅಂದಿರಿ. ಪಕ್ಯಾ ಕಲಿತ. ಚಿಕ್ಕೋಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾದ. ಓಣಿಯಲ್ಲಿ ನೀವು ಮಾತ್ರ ಕೊನೆಯವರೆಗೂ ನನ್ನನ್ನು ಪ್ರಕಾಶ ಸರ್ ಅನ್ನಲಿಲ್ಲ.

ಮೊಬೈಲ್ ಡೇಟಾ ಅಗ್ಗವಾದ ಮೇಲೆ ನಾನು ಪಾಡ್‌ಕಾಸ್ಟ್ ಶುರುಮಾಡಿದಾಗ ಎಲ್ಲರಿಗಿಂತ ಮೊದಲು ಕೇಳಿದವರು ನೀವೇ. ರೊಕ್ಕದ ವಿಷಯ, ಸರ್ಕಾರದ ವಿಷಯ ಸರಳವಾಗಿ ಹೇಳಬೇಕೆಂಬ ಆಸೆ ನನಗಿತ್ತು. ಹೆಂಗಸರು ಫೋನನ್ನು ಎಲೆಯ ಬುಟ್ಟಿಗೆ ಒರಗಿಸಿಟ್ಟು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು. ‘ಪಕ್ಯಾನ ರೇಡಿಯೋ’ ಅಂತ ಅದಕ್ಕೆ ಹೆಸರೂ ಇಟ್ಟರು. ಆದರೆ ತಿಳಿಹೇಳುವ ಮಾತಿಗೆ ಓಣಿಯಾಚೆ ಕೇಳುಗರಿರಲಿಲ್ಲ. ಒಮ್ಮೆ ‘ಮತ್ತೆ ನೋಟು ರದ್ದಾಗುತ್ತದೆಯೇ?’ ಎಂಬ ಹೆಸರು ಕೊಟ್ಟೆ ನೋಡಿ, ಅಥಣಿ, ಕಾಗವಾಡ, ರಾಯಬಾಗದ ಊರೂರಿಂದ ಕೇಳುಗರು ಬಂದರು. ರದ್ದಾಗುವುದಿಲ್ಲ ಅಂತ ಒಳಗೆ ಹೇಳಿದ್ದೆ. ಅಷ್ಟು ದೂರ ಯಾರು ಕೇಳಿದರೋ… ಹೆದರಿಸಿ ಕೇಳಿಸುವ ರುಚಿ ನನಗೆ ಅಂದು ಹತ್ತಿತು.

ಚುನಾವಣೆಯ ಗದ್ದಲದ ದಿನಗಳಲ್ಲಿ ನೀವು ನಮ್ಮ ಮನೆಗೆ ಬಂದು ಮೈಕಿನ ಮುಂದೆ ಕೂತದ್ದು ಕಣ್ಣಿಗೆ ಕಟ್ಟಿದಂತಿದೆ. ಓಣಿಯಲ್ಲಿ ಒಂದು ಗಾಳಿಮಾತು ಎದ್ದಿತ್ತು. ಅದನ್ನು ಅಡಗಿಸಲೆಂದೇ ನಾನು ನಿಮ್ಮನ್ನು ಕರೆದಿದ್ದೆ. ನೀವು ಹೇಳಿದ್ದು ನನಗೆ ಅಕ್ಷರಶಃ ಬಾಯಿಪಾಠ: “ಬೀಡಿ ಕಾರ್ಡ್ ರದ್ದಾಗತೈತಿ, ನಿಮ್ಮ ಫಂಡು ಸರ್ಕಾರ ನುಂಗತೈತಿ, ಲಗೂನ ತಕ್ಕೊಳ್ರಿ ಅಂತ ಮಂದಿ ಹೇಳಾಕತ್ತಾರ. ಶುದ್ಧ ಸುಳ್ಳದು. ಯಾರೂ ತಗೀಬ್ಯಾಡ್ರಿ.”

ಆಮೇಲೆ ನಾನು ಅದನ್ನು ಕತ್ತರಿಸಲು ಕೂತೆ. ಶುರುವಿನಲ್ಲಿ ಕೇಳುಗರನ್ನು ಹಿಡಿದು ಕೂರಿಸುವ ಒಂದು ತುಣುಕು ಬೇಕಿತ್ತು. ‘ತಕ್ಕೊಳ್ರಿ’ ಎಂಬಲ್ಲಿಗೆ ನಿಲ್ಲಿಸಿದೆ. ‘ಅಂತ’ ಎಂಬ ಒಂದು ಮಾತು ನನ್ನ ಕತ್ತರಿಯ ಆಚೆ ಬಿತ್ತು. ಅದರೊಂದಿಗೆ, ಓಣಿಯ ಹೆಂಗಸರ ಅರ್ಜಿ ತುಂಬುತ್ತಾ ನೀವು ಮೂವತ್ತು ವರ್ಷ ಗಳಿಸಿದ ನಂಬಿಕೆಯೂ ಬಿತ್ತು. ಅದು ಆಗಲೇ ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು ಮಾವಶಿ. ಪೂರ್ತಿ ಕೇಳಿದವರಿಗೆ ಗೊತ್ತಾಗುತ್ತದೆ ಬಿಡು ಅಂದುಕೊಂಡೆ. ಮುಂದೆ ನಿಮ್ಮ ತಿದ್ದುವ ಮಾತು ಇದ್ದೇ ಇತ್ತಲ್ಲ…

ಮರುದಿನವೇ ಆ ತುಣುಕೊಂದೇ ಫೋನಿನಿಂದ ಫೋನಿಗೆ ಹಾರಿತು. ಯಾವುದೋ ಪಕ್ಷದವರ ಮಾತಾಗಿದ್ದರೆ ಹೆಂಗಸರು ನಂಬುತ್ತಿರಲಿಲ್ಲ. ಅದು ನಿಮ್ಮ ದನಿ. ನೋಟು ರದ್ದಾದಾಗ ಬ್ಯಾಂಕಿನ ಮುಂದೆ ಬಿಸಿಲಲ್ಲಿ ನಿಂತವರು ಅವರು, ಮತ್ತೆ ಮೋಸಹೋಗಲು ತಯಾರಿರಲಿಲ್ಲ. ಫಂಡು, ಅಂದರೆ ಭವಿಷ್ಯನಿಧಿ, ಪೂರ್ತಿ ತೆಗೆಯಬೇಕೆಂದರೆ ಕೆಲಸ ಬಿಟ್ಟೆನೆಂದು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಬೀಡಿ ಕಾರ್ಡೂ ಹೋಯಿತು, ಮಕ್ಕಳ ವಿದ್ಯಾರ್ಥಿವೇತನವೂ ಹೋಯಿತು. ನಮ್ಮ ಎದುರುಮನೆಯ ಶೇವಂತಾ ಬರೆದುಕೊಟ್ಟಳು. ಪಿಯುಸಿ ಓದುತ್ತಿದ್ದ ಅವಳ ಮಗಳು ಅಶ್ವಿನಿ ಆ ವರ್ಷ ಕಾಲೇಜು ಬಿಟ್ಟು, ಕಾರ್ಡಿಲ್ಲದೆಯೇ ಬೀಡಿ ಕಟ್ಟುತ್ತಿದ್ದ ಅವ್ವನ ಪಕ್ಕದಲ್ಲಿ ಮೊರ ಹಿಡಿದು ಕೂತಳು.

ನೀವು ನನ್ನನ್ನು ಕೇಳಲು ಬಂದ ಮಧ್ಯಾಹ್ನ ನಾನು ಉಣ್ಣುತ್ತಿದ್ದೆ. ಮೊಣಕಾಲು ನೋವಿಗೆ ನೀವು ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಿರಿ. “ಪಕ್ಯಾ, ನನ್ನ ಮಾತು ಅರ್ಧಕ್ಕ ಹೆಂಗ ನಿಂತೈತಿ?” ಅಂದಿರಿ. ತುತ್ತು ಕೈಯಲ್ಲೇ ಇತ್ತು.

“ಆ ಆ್ಯಪ್ ತನ್ನಷ್ಟಕ್ಕ ತಾನ ತುಂಡು ಮಾಡತೈತ್ರಿ ಮಾವಶಿ. ನಾ ನೋಡ್ಲಿಲ್ಲ.”

“ಮಶೀನಿಂದು ತಪ್ಪೇನು?”

“ಹೌದ್ರಿ.”

“ಹಂಗಾರ ತಗದುಬಿಡಪಾ. ಓಣಿ ಹೆಣ್ಮಕ್ಕಳು ಭಾಳ ಹೆದರ‍್ಯಾರ.”

ಇವತ್ತೇ ತೆಗೆಯುತ್ತೇನೆ ಅಂದೆ. ತೆಗೆಯಲಿಲ್ಲ. ಅಷ್ಟು ಜನ ನನ್ನನ್ನು ಎಂದೂ ಕೇಳಿರಲಿಲ್ಲ. ಕಾಲೇಜಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಎರಡು ವಾರ ಕಳೆದ ಮೇಲೆ, ಇನ್ನು ಹೊಸ ಕೇಳುಗರು ಬರುತ್ತಿಲ್ಲ ಎಂದಾದಾಗ ತೆಗೆದೆ. ಅಷ್ಟರಲ್ಲಿ ಅದು ಎಲ್ಲರ ಫೋನಿನಲ್ಲಿತ್ತು.

ನೀವು ಮನೆಮನೆ ತಿರುಗಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಶೇವಂತಾ ನಿಮ್ಮ ಮೇಲೆ ಕೂಗಾಡಿದ್ದು ಕೇಳಿದ್ದೇನೆ. “ನೀವ ಹೇಳಿದ್ರಲ್ಲರಿ! ಈಗ ಸುಳ್ಳಂದ್ರ ಹೆಂಗ? ನನ್ನ ಮಗಳ ಸಾಲಿ ಹೋತು.” ಆಗ ನೀವು ಪಕ್ಯಾನ ಮಶೀನಿನ ತಪ್ಪು ಅನ್ನಬಹುದಿತ್ತು. ಯಾಕೆ ಅನ್ನಲಿಲ್ಲ ಮಾವಶಿ? ನನ್ನ ನೌಕರಿಗೆ ಕುತ್ತು ಬರುತ್ತದೆಂದೇ? “ನನ್ನ ಬಾಯಿ ತಪ್ಪಿತವ್ವಾ. ವಯಸ್ಸಾತು” ಅಂದು ಕೈಮುಗಿದಿರಿ. ನಾನು ಕಿಟಕಿ ಮುಚ್ಚಿಕೊಂಡೆ. ಅಂದಿನಿಂದ ನಿಮ್ಮ ಮನೆಯ ಮುಂದೆ ಅರ್ಜಿ ಹಿಡಿದು ಬರುವವರು ಕಡಿಮೆಯಾದರು. ವಯಸ್ಸಾಗಿದೆ, ಏನೇನೋ ಮಾತಾಡುತ್ತಾರೆ ಅಂದರು.

ಮುಂದಿನ ಚಳಿಗಾಲದಲ್ಲಿ ನಿಮಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಎರಡು ಸಲ ಬಂದಿದ್ದೆ. ಎರಡೂ ಸಲ ನಿಜ ಹೇಳಬೇಕೆಂದೇ ಹೊರಟಿದ್ದೆ. ಒಮ್ಮೆ ನೀವು ನಿದ್ದೆಯಲ್ಲಿದ್ದಿರಿ. ಇನ್ನೊಮ್ಮೆ ಎಚ್ಚರವಿದ್ದಿರಿ. ನನ್ನ ಅವ್ವನ ಸಕ್ಕರೆ ಕಾಯಿಲೆ ಹೇಗಿದೆ ಅಂತ ವಿಚಾರಿಸಿದಿರಿ, ನಾನು ಉತ್ತರ ಕೊಡುತ್ತಾ ಕೂತೆ, ಆಮೇಲೆ ನರ್ಸ್ ಬಂದಳು, ಆಮೇಲೆ…

ನೀವು ತೀರಿಕೊಂಡ ಮೇಲೆ ನಡೆದ ದಿನಕಾರ್ಯಕ್ಕೆ ಓಣಿಯ ಅರ್ಧದಷ್ಟು ಹೆಂಗಸರೂ ಬಂದಿರಲಿಲ್ಲ. ಬಂದವರಲ್ಲಿ ಶೇವಂತಾ ಇದ್ದಳು. ಎಲ್ಲರೂ ಊಟ ಮುಗಿಸಿ ಕೂತಾಗ ನನ್ನ ಫೋನಿನಲ್ಲಿ ನಿಮ್ಮ ಮಾತನ್ನು ಪೂರ್ತಿ ಕೇಳಿಸಿದೆ. ‘ಅಂತ ಮಂದಿ ಹೇಳಾಕತ್ತಾರ’ ಎಂಬುದು ಕೇಳುತ್ತಲೇ ಶೇವಂತಾ ತಲೆ ಎತ್ತಿದಳು. “ಬೇಕಂತಲೇ ಕತ್ತರಿಸಿದಂವ ನಾನ. ಮಾವಶಿಗೂ ಸುಳ್ಳ ಹೇಳ್ದೆ” ಅಂದೆ. ನನ್ನ ಅವ್ವ ಎದ್ದು ಒಳಗೆ ಹೋದಳು. ಶೇವಂತಾ ಮಾತ್ರ ಕೇಳಿದಳು: “ಆಕಿ ನನ್ನ ಮುಂದ ಕೈಮುಗದ್ಲಲ್ಲೋ. ಆವಾಗ ನೀ ಎಲ್ಲಿದ್ದಿ?”

ಕಿಟಕಿಯ ಹಿಂದೆ ಅನ್ನಲು ನನ್ನಿಂದ ಆಗಲಿಲ್ಲ. ನಿಮಗೆ ಮಾತ್ರ ಬರೆಯುತ್ತಿದ್ದೇನೆ.

ಪಾಡ್‌ಕಾಸ್ಟ್ ನಿಲ್ಲಿಸಿದ್ದೇನೆ. ಕೊನೆಯ ಕಂತಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅದನ್ನು ಕೇಳಿದವರು ಬೆರಳೆಣಿಕೆಯಷ್ಟು ಜನ. ಶೇವಂತಾಳ ಕಾರ್ಡಿಗೆ ಮತ್ತೆ ಅರ್ಜಿ ಹಾಕಿಸಿದ್ದೇನೆ, ಇನ್ನೂ ಬಂದಿಲ್ಲ. ಅಶ್ವಿನಿಗೆ ಕಾಲೇಜಿಗೆ ಮರಳಿ ಹೋಗು ಅಂದರೆ, “ನೋಡೂನ್ರಿ ಸರ್” ಅನ್ನುತ್ತಾಳೆ, ಬೀಡಿಯಿಂದ ಕಣ್ಣು ತೆಗೆಯುವುದಿಲ್ಲ.

ನಿನ್ನೆ ಆ ತುಣುಕು ನನ್ನ ಫೋನಿಗೇ ಬಂತು ಮಾವಶಿ. ರಾಯಬಾಗದ ಯಾರೋ ಒಂದು ಗುಂಪಿನಲ್ಲಿ ಹಾಕಿದ್ದ. ನೀವು ಹೋಗಿ ವರ್ಷ ಕಳೆದರೂ ನಿಮ್ಮ ದನಿ ‘ಲಗೂನ ತಕ್ಕೊಳ್ರಿ’ ಅನ್ನುತ್ತಲೇ ಇದೆ. ನಾನು ಆತನಿಗೆ ಫೋನ್ ಮಾಡಿ ಅದನ್ನು ಕತ್ತರಿಸಿದವನು ನಾನೇ ಎಂದು ಹೇಳಿದೆ. ಆತ ನಂಬಲಿಲ್ಲ.

“ನಿಮ್ಮ ಮಾತು ಹೆಂಗ ನಂಬೂದ್ರಿ? ಆ ಬಾಯಾರು ಖರೇ ಮಂದಿ ಅಂತ ನಮ್ಮ ಕಡೆ ಎಲ್ಲಾರಿಗೂ ಗೊತ್ತೈತಿ. ಅವರ ನಂಬರ್ ಇದ್ರ ಕೊಡ್ರಿ, ಅವರನ್ನ ಕೇಳ್ತೀನಿ.”